ಗಾಳಿಮರವೂ ಬಾವಿಯ ನೀರೂ

ಸುಲ್ತಾನ್ ಬತ್ತೇರಿಯ ಕಡವಿನಲ್ಲಿ ಹೊಳೆ ದಾಟಿದರೆ ಸಿಗುವ ಹೊಯಿಗೆಯ ಪಟ್ಟಿಗೆ ತಣ್ಣೀರುಬಾವಿ ಎಂದು ಹೆಸರು. ಪಡುವಲಿಗೆ ಕಡಲು, ಮೂಡಲಿಗೆ ಗುರುಪುರ ಹೊಳೆ. ಬೇಸಗೆಯ ಭರತದಲ್ಲಿ ಆ ಹೊಳೆಯೂ ಉಪ್ಪೇ. ಎರಡು ಉಪ್ಪುನೀರುಗಳ ನಡುವೆ ಸಿಹಿನೀರಿನ ಬಾವಿ! ಹೆಸರಿಟ್ಟವರಿಗೂ ಇದು ಸೋಜಿಗವೆನಿಸಿದ್ದಿರಬೇಕು. ಇಲ್ಲವಾದರೆ ಬಾವಿಯ ಹೆಸರನ್ನು ಊರಿಗೆ ಯಾಕೆ ಇಡುತ್ತಿದ್ದರು?

ಸೋಜಿಗದ ಕಾರಣವೇನೋ ಸರಳ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ. ಹೊಯಿಗೆ ಅದನ್ನು ಬಿದ್ದಲ್ಲೇ ಹೀರಿಕೊಳ್ಳುತ್ತದೆ. ಸಿಹಿನೀರು ಹಗುರವಾದುದರಿಂದ ಕೆಳಗಿನ ಉಪ್ಪುನೀರಿನ ಮೇಲೆ ತೇಲಿ ನಿಲ್ಲುತ್ತದೆ. ಡಚ್ಚರ ಘೈಬೆನ್, ಜರ್ಮನಿಯ ಹೆರ್ಜ್‌ಬರ್ಗ್ ಎಂಬಿಬ್ಬರು ಇದರ ಲೆಕ್ಕ ಹಾಕಿದ್ದಾರೆ. ಕಡಲ ಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರಿದ್ದರೆ, ಕೆಳಗೆ ಸುಮಾರು 40 ಅಡಿ ಸಿಹಿನೀರಿರುತ್ತದೆ. ಮೇಲಿನ ಒಂದಡಿ ತಗ್ಗಿ ಹಾಗೆಯೇ ಉಳಿದರೆ, ಉಪ್ಪು ಕಾಲಕ್ರಮದಲ್ಲಿ 40 ಅಡಿ ಏರಿ ಬರುತ್ತದೆ. ಆದುದರಿಂದ ಹೊಯಿಗೆಯ ಮೇಲೆ ನಿಂತು ಯಾರು ಎಷ್ಟು ಕುಡಿಯುತ್ತಾರೆಂಬುದು ಬರಿಯ ಕುತೂಹಲದ ಮಾತಲ್ಲ.

ಕುಡಿಯುವವರಲ್ಲಿ ಮರವೂ ಸೇರಿದೆ. ನಮ್ಮ ಕಡಲಕರೆಯಲ್ಲಿ ಸಾಲುಗಟ್ಟಿ ನಿಂತಿರುವ ಗಾಳಿಮರ ಹೊರಗಿನಿಂದ ಬಂದದ್ದು. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1868ರಲ್ಲಿ ಕಾರವಾರದಲ್ಲಿ ಗಾಳಿಮರ ನೆಟ್ಟರು. ಮದರಾಸಿನ ಕಡೆ ರೈಲಿನ ಎಂಜಿನ್ನುಗಳಿಗೆ ಸೌದೆ ಬೇಕಾಗಿತ್ತು. ಅಲ್ಲಿಯೂ ಹೊಯಿಗೆಯ ತುಂಬ ಇದೇ ತೋಪು. ಉಪ್ಪುಗಾಳಿಗೆ ಬೆದರದು, ಹಾರುವ ಹೊಯಿಗೆಯನ್ನು ಹಿಡಿದು ನಿಲ್ಲಿಸುವುದು, ಒಲೆಯಲ್ಲಿ ಧಗಧಗನೆ ಉರಿಯುವುದು. ಬೇರಿನ ಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದ ಗೊಬ್ಬರದ ಹಂಗೂ ಇಲ್ಲ. ಆಗಿನದು ಸೌದೆಯ ಲೆಕ್ಕ. ನೀರಿನ ಜಗಳ ದೊಡ್ಡದಾದುದು ನೂರು ವರ್ಷ ಕಳೆದ ಮೇಲೆ. ಅದೂ ಘಟ್ಟದ ಮೇಲೆ, ಬೇರೊಂದು ಮರದ ವಿಷಯದಲ್ಲಿ.

ನೀಲಗಿರಿ ಮರ ಆಸ್ಟ್ರೇಲಿಯದ್ದು. ಉದಕಮಂಡಲದ ಕಡೆ 1843ರಲ್ಲಿ ನೆಟ್ಟುದರಿಂದ ಬೆಟ್ಟದ ಹೆಸರೇ ಮರದ ಹೆಸರಾಯಿತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಅದು ಕೋಲಾರ, ತುಮಕೂರುಗಳ ರಾಗಿ ಹೊಲಗಳಿಗೆ ಇಳಿಯಿತು. 1983ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ಹೊನ್ನವಳ್ಳಿ ಹೋಬಳಿಯ ರೈತರು ಅರಣ್ಯ ಇಲಾಖೆಯ ಸಸಿಮಡಿಗಳಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತೆಸೆದು, ಹುಣಿಸೆ ಮಾವುಗಳ ಬೀಜ ಬಿತ್ತಿದರು. ಮರ ನೀರು ಕುಡಿದು ನೆಲವನ್ನು ಬರಡು ಮಾಡುತ್ತದೆಂಬುದು ರೈತರ ದೂರು. ಅದಕ್ಕೆ ಆಧಾರವೇನೆಂದು ಮರದ ಪಕ್ಷದವರ ಸವಾಲು.

ಆಧಾರ ಹುಡುಕುವ ಕೆಲಸ 1987ರಲ್ಲಿ ಮೊದಲಾಯಿತು. ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕ್ಯಾಲ್ಡರ್ ಮತ್ತು ಸಂಗಡಿಗರು ನಮ್ಮ ಅರಣ್ಯ ಇಲಾಖೆಯೊಡನೆ ಸೇರಿ ಶಿವಮೊಗ್ಗದ ಕಡೆಯ ತೋಪುಗಳಲ್ಲಿಯೂ ಹೊಸಕೋಟೆಯಲ್ಲಿಯೂ ಮಣ್ಣಿನ ತೇವವನ್ನು ಅಳೆದರು. ಶಿವಮೊಗ್ಗದ ಕಡೆ ಮಣ್ಣಿನ ಆಳ ಕಡಿಮೆ. ಅಲ್ಲಿ ನೀಲಗಿರಿ ಕುಡಿದದ್ದು ಊರಿನ ಕಾಡುಮರಗಳು ಕುಡಿದಷ್ಟೇ. ಆದರೆ ರಾಗಿಯ ಪೈರಿಗೆ ಹೋಲಿಸಿದರೆ ಸುಮಾರು ಎರಡರಷ್ಟು. ಹೊಸಕೋಟೆಯ ಹೊಲದಲ್ಲಿ ಮಣ್ಣು ಬಲು ಆಳ. ಅಲ್ಲಿ ಮೂರು ವರ್ಷಗಳಲ್ಲಿ ಬಿದ್ದ ಮಳೆ 2,100 ಮಿಲಿಮೀಟರು. ಮರ ಕುಡಿದ ನೀರು 3,400. ಇದು ಅಚ್ಚಿನ ತಪ್ಪಲ್ಲ. ಆದಾಯಕ್ಕಿಂತ ಹೆಚ್ಚು ಖರ್ಚು ಮಾಡುವ ಮನೆಮಗನಂತೆ ಮರವು ಅಜ್ಜನ ಕಾಲದ ಗಂಟಿಗೆ ಕೈಹಾಕಿತ್ತು. ಬೇರು ವರ್ಷ ವರ್ಷವೂ ಕೆಳಗಿಳಿದು ಹಿಂದೆಂದೋ ಇಂಗಿದ ತೇವವನ್ನು ತೆಗೆಯುತ್ತಿತ್ತು. ಎರಡು ಪಕ್ಷದವರ ಮಾತಿನಲ್ಲಿಯೂ ಅರ್ಧರ್ಧ ನಿಜವಿತ್ತೆನ್ನಬಹುದು. ಆದರೆ ಕೋಲಾರದ ರೈತನಿಗೆ ತನ್ನ ಹೊಲದ ಅರ್ಧವೇ ಪೂರ್ತಿಯಲ್ಲವೆ? 2017ರಲ್ಲಿ ಸರಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಇನ್ನು ಹೊಯಿಗೆಯ ಮಾತು. ನೀಲಗಿರಿಯನ್ನು ನಮಗಿತ್ತ ಆಸ್ಟ್ರೇಲಿಯದವರು ತಾವು ಪೋರ್ಚುಗಲ್ ಕಡೆಯ ಪೈನ್ ಮರ ತರಿಸಿಕೊಂಡು, 1920ರ ದಶಕದಿಂದ ಪರ್ತ್ ನಗರದ ಉತ್ತರಕ್ಕಿರುವ ನಂಗಾರದ ಹೊಯಿಗೆಯಲ್ಲಿ ನೆಟ್ಟರು. ತೋಪು 20,000 ಹೆಕ್ಟೇರನ್ನು ಮೀರಿ ಬೆಳೆಯಿತು. ಆ ಹೊಯಿಗೆಯ ಅಡಿಯಲ್ಲಿಯೇ ನಗರ ಕುಡಿಯುವ ನೀರು. 1970ರ ದಶಕದಿಂದ ಅಲ್ಲಿ ಮಳೆ ಇಳಿಮುಖ. ದಟ್ಟ ಪೈನಿನ ಕೆಳಗೆ ಹೊಯಿಗೆಗೆ ಇಂಗುವ ನೀರು ಹೆಚ್ಚುಕಡಿಮೆ ಸೊನ್ನೆ. ಕೊನೆಗೆ 1990ರ ದಶಕದಲ್ಲಿ ತೋಪನ್ನು ಹಂತಹಂತವಾಗಿ ಕಡಿದು ತೆಗೆಯುವ ನಿರ್ಧಾರವಾಯಿತು. ಕಾರಣ ಮುಖ್ಯವಾಗಿ ನೀರು.

ನಮ್ಮ ಮಳೆ ಪರ್ತಿನ ಮಳೆಯ ಹಲವು ಪಟ್ಟು. ಜೂನ್ ಬಂದರೆ ಹಳೆಯ ಸಾಲ ತೀರುತ್ತದೆ. ಸಂಕಟವಿರುವುದು ದಶಂಬರದಿಂದ ಮೇ ವರೆಗೆ. ಆಗಲೂ ಗಾಳಿಮರ ಹಸುರಾಗಿಯೇ ಇರುತ್ತದೆ, ಕುಡಿಯುತ್ತಲೂ ಇರುತ್ತದೆ. 2016ರಲ್ಲಿ, ಮತ್ತೆ 2019ರಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ತಳ ಸೇರಿ ನಗರಕ್ಕೆ ನಲ್ಲಿನೀರು ಸರತಿಯ ಮೇಲೆ ಬಂತು. ಅಂಥ ದಿನಗಳಲ್ಲಿ ಹಿತ್ತಿಲ ಬಾವಿಯ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಡಲಿಗೆ ಮುಖಮಾಡಿದ ಮೊದಲ ಸಾಲುಗಳು ಇರಲಿ. ಗಾಳಿಯನ್ನೂ ಹೊಯಿಗೆಯನ್ನೂ ಅವು ತಡೆಯುತ್ತವೆ, ಅದಕ್ಕಾಗಿ ಅವು ಕುಡಿಯುವ ನೀರನ್ನು ಕೂಲಿಯೆಂದು ತಿಳಿಯೋಣ. ಆದರೆ ಒಳಗೆ, ಮನೆಗಳ ಮಗ್ಗುಲಲ್ಲಿ, ಬಾವಿಗಳ ಸುತ್ತ ಒತ್ತೊತ್ತಾಗಿ ತೋಪು ಎಬ್ಬಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ನೆಡುವ ಮುಂಚೆ ಎಪ್ರಿಲ್ ತಿಂಗಳಲ್ಲಿ ಆ ಬಾವಿಗಳಿಂದ ಒಂದೊಂದು ಕೊಡ ಸೇದಿ ರುಚಿ ನೋಡಲಿ.