ಇದ್ದಿಲ ಡಬ್ಬಿಯ ಕಥೆ

ನಮ್ಮ ಹೆಂಗಸರಿಗೆ ಇದ್ದಿಲಿನ ಪರಿಚಯ ಹೊಸದಲ್ಲ. ಇಸ್ತ್ರಿ ಪೆಟ್ಟಿಗೆಗೆ ತುಂಬಿದ್ದು ಅದನ್ನೇ, ಬೆಳಗಾಗೆದ್ದು ಹಲ್ಲುಜ್ಜಿದ್ದು ಅದರ ಪುಡಿಯಿಂದಲೇ. ಒಂದರ ಮೇಲೊಂದು ಗಡಿಗೆಯಿಟ್ಟು, ಮರಳಿನ ಜೊತೆ ಇದ್ದಿಲು ಹಾಕಿ ಕೆಸರು ನೀರನ್ನು ತಿಳಿಯಾಗಿಸಿದ ಅಜ್ಜಿಯರನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ಅಂಥ ಇದ್ದಿಲು ಮೋಟಾರು ಕಾರಿನೊಳಗೂ ಹೊಕ್ಕು ಕುಳಿತಿದೆ ಎಂದರೆ ಮಾತ್ರ ಬಹಳ ಜನ ನಂಬುವುದಿಲ್ಲ. ಬಾನೆಟ್ಟಿನ ಕೆಳಗಿನ ಮೂಲೆಯಲ್ಲೋ, ಪೆಟ್ರೋಲು ಟ್ಯಾಂಕಿನ ಬಳಿಯಲ್ಲೋ ಉಪ್ಪಿನಕಾಯಿ ಡಬ್ಬಿಯಂಥ ಒಂದು ಕಪ್ಪು ಡಬ್ಬಿ ಇರುತ್ತದೆ. ಅದರ ತುಂಬ ಇದ್ದಿಲ ಹರಳು.

ಇದ್ದಿಲು ಗಾಳಿಯಲ್ಲಿನ ಅನಿಲಗಳನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ರಸಾಯನಶಾಸ್ತ್ರಜ್ಞ ಷೀಲೆ ೧೭೭೩ರಲ್ಲೇ ಗಮನಿಸಿದ್ದ. ೧೮೫೪ರಲ್ಲಿ ಸ್ಕಾಟ್ಲೆಂಡಿನ ಜಾನ್ ಸ್ಟೆನ್‌ಹೌಸ್ ಇದ್ದಿಲು ತುಂಬಿದ ಮುಖವಾಡ ಮಾಡಿದ. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಬಂದಾಗ ಸೈನಿಕರ ಉಸಿರು ಉಳಿಸಿದ್ದೂ ಇದ್ದಿಲೇ. ೧೯೧೮ರಲ್ಲಿ ಅಮೆರಿಕದ ಗೃಹಿಣಿಯರು ಪೀಚ್ ಹಣ್ಣಿನ ಓಟೆಗಳನ್ನು ಎಸೆಯದೆ ಕೂಡಿಟ್ಟು ಸರಕಾರಕ್ಕೆ ಕೊಟ್ಟರು, ಮುಖವಾಡದ ಇದ್ದಿಲಿಗಾಗಿ. ತೆಂಗಿನ ಚಿಪ್ಪಿನದೂ ಇದಕ್ಕೆ ಬಲು ಒಳ್ಳೆಯ ಇದ್ದಿಲು. ವಿಶೇಷವಾಗಿ ಹದ ಮಾಡಿದ ಇಂಥ ಇದ್ದಿಲಿನ ಒಂದೇ ಒಂದು ಗ್ರಾಮಿನೊಳಗಿನ ಸಣ್ಣ ರಂಧ್ರಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು ಸಾವಿರ ಚದರ ಮೀಟರ್ ಆದೀತು. ಒಲೆಯ ಇದ್ದಿಲಿಗೆ ಆ ಶಕ್ತಿಯಿಲ್ಲ.

ಯುದ್ಧದ ಇದ್ದಿಲು ಕಾರಿಗೆ ಬಂದದ್ದು ಲಾಸ್ ಏಂಜಲೀಸ್ ನಗರದ ದೆಸೆಯಿಂದ. ೧೯೪೩ರ ಬೇಸಿಗೆಯಲ್ಲಿ ಅಲ್ಲಿ ಕಣ್ಣುರಿಸುವ ಮಬ್ಬು ಕವಿಯಿತು. ಶತ್ರುಗಳೇ ವಿಷಾನಿಲ ಬಿಟ್ಟರೇನೋ ಎಂದು ಜನ ಹೆದರಿದರಂತೆ. ಅನಾನಸ್ ಹಣ್ಣಿನ ಪರಿಮಳ ಎಲ್ಲಿಂದ ಬರುತ್ತದೆಂದು ಅಭ್ಯಾಸ ಮಾಡುತ್ತಿದ್ದ ಹಾಗೆನ್-ಸ್ಮಿಟ್ ಎಂಬ ಡಚ್ ಮೂಲದ ವಿಜ್ಞಾನಿ, ಅದೇ ವಿದ್ಯೆಯಿಂದ ಆ ಮಬ್ಬನ್ನೂ ಹಿಡಿದು ಪರೀಕ್ಷಿಸಿದರು. ಪೆಟ್ರೋಲಿನ ಆವಿ ಮತ್ತು ಎಂಜಿನ್ನಿನ ಹೊಗೆ ಬಿಸಿಲಿಗೆ ಸಿಕ್ಕಿ ಓಜೋನ್ ಆಗುತ್ತದೆಂದು ೧೯೫೦ರ ದಶಕದ ಮೊದಲಲ್ಲಿ ತೋರಿಸಿದರು. ತೈಲ ಉದ್ಯಮದ ಕಡೆಯ ತಜ್ಞರು ಒಪ್ಪಲಿಲ್ಲ. ೧೯೫೮ರಲ್ಲಿ ಅಲ್ಲಿನ ಹೆಂಗಸರು 'ಸ್ಟ್ಯಾಂಪ್ ಔಟ್ ಸ್ಮಾಗ್' ಎಂಬ ಸಂಘ ಕಟ್ಟಿ, ಕಾರುಗಳಿಗೆ ಕಡಿವಾಣ ಬೇಕೆಂದು ಅಧಿಕಾರಿಗಳ ಬೆನ್ನು ಹತ್ತಿದರು. ಕೊನೆಗೆ ೧೯೭೦ರಲ್ಲಿ ಕ್ಯಾಲಿಫೋರ್ನಿಯದ ಹೊಸ ಕಾರುಗಳಿಗೆ, ಮರುವರ್ಷ ಇಡೀ ಅಮೆರಿಕದ ಕಾರುಗಳಿಗೆ ಆವಿ ತಡೆಯುವ ಏರ್ಪಾಡು ಕಡ್ಡಾಯವಾಯಿತು.

ನಮ್ಮ ದೇಶದಲ್ಲಿ ೧೯೯೫ರ ಏಪ್ರಿಲಿನಲ್ಲಿ ನಾಲ್ಕು ಮಹಾನಗರಗಳಿಗೆ ಸೀಸವಿಲ್ಲದ ಪೆಟ್ರೋಲು ಬಂತು. ೨೦೦೦ದ ಫೆಬ್ರವರಿಗೆ ಇಡೀ ದೇಶಕ್ಕೇ ಬಂತು. ಅದೇ ವರ್ಷ ಏಪ್ರಿಲಿನಿಂದ ಹೊಸ ಹೊಗೆ ನಿಯಮಗಳು ಜಾರಿಯಾದವು. ಕಾರ್ಬುರೇಟರ್ ಹಿಂದೆ ಸರಿಯಿತು, ಇದ್ದಿಲ ಡಬ್ಬಿ ಸಾಮಾನ್ಯವಾಯಿತು.

ಅದರ ಕೆಲಸ ಸರಳ. ಕಾರು ಬಿಸಿಲಲ್ಲಿ ನಿಂತಾಗ ಟ್ಯಾಂಕಿನಲ್ಲೇಳುವ ಆವಿಯನ್ನು ಇದ್ದಿಲು ಹೀರಿಕೊಳ್ಳುತ್ತದೆ. ಎಂಜಿನ್ ನಡೆಯುವಾಗ ಪರ್ಜ್ ವಾಲ್ವ್ ಎಂಬ ಪುಟ್ಟ ಬಾಗಿಲು ತೆರೆದು, ಹೊರಗಾಳಿ ಇದ್ದಿಲಿನ ಮೂಲಕ ಹಾಯ್ದು, ಆವಿಯನ್ನು ಎಂಜಿನ್ನಿಗೆ ಒಯ್ದು ಸುಡುತ್ತದೆ. ಮುಗ್ಗಿದ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಮತ್ತೆ ಹಾಸಿದ ಹಾಗೆ, ಇದ್ದಿಲು ದಿನವೂ ಹೊಸದಾಗುತ್ತದೆ.

ನಮ್ಮ ಸೀಮೆಗೆ ಇದು ಬೇಡವಾದ ವಸ್ತುವಲ್ಲ. ೧೮೭೧ರಲ್ಲಿ ರಾಯಚೂರಿನಲ್ಲಿ ಕೂಡಿದ ಮುಂಬೈ-ಮದ್ರಾಸು ರೈಲುದಾರಿ ಯಾದಗಿರಿಯನ್ನು ಮುಟ್ಟಿತು. ಶಹಾಪುರ, ಸುರಪುರಗಳಿಗೆ ಬರಲಿಲ್ಲ. ಹಾಗಾಗಿ ರೈಲು ಹಿಡಿಯಬೇಕಾದರೆ ಭೀಮೆ ದಾಟಿ ಯಾದಗಿರಿಗೇ ಹೋಗಬೇಕು, ಬಸ್ಸಿನಲ್ಲೋ ಹಳೆಯ ಕಾರಿನಲ್ಲೋ. ಸುರಪುರದ ಗುಡ್ಡಗಳೂ ಶಹಾಪುರದ ಬುದ್ಧ ಮಲಗಿದ ಬೆಟ್ಟವೂ ಚೈತ್ರ-ವೈಶಾಖಗಳಲ್ಲಿ ಕಾದ ಹಂಚಿನಂತಾಗುತ್ತವೆ. ಆ ಬಿಸಿಲಿಗೆ ನಿಂತ ಕಾರಿನ ಪೆಟ್ರೋಲು ಸುಮ್ಮನಿದ್ದೀತೆ?

ನಮ್ಮ ಮನೆಯದು ೨೦೦೫ರ ಕಾರು. ಒಂದು ಬೇಸಿಗೆ ಬಸುರಿ ಸೊಸೆಗೆ ಅದರೊಳಗೆ ಕೂತರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಮನೆಯ ಗಂಡಸರೆಲ್ಲ, "ಬಸುರಿಯರಿಗೆ ಎಲ್ಲಾ ವಾಸನಿ ಹಂಗೇ" ಎಂದು ತಳ್ಳಿಹಾಕಿದರು. ಅವಳು, "ಇಲ್ಲ ಅತ್ತಿ, ಇದು ಪೆಟ್ರೋಲಿನ ವಾಸನಿನೇ" ಎಂದು ಬಿಡಲಿಲ್ಲ. ಗ್ಯಾರೇಜಿನವನೊಬ್ಬ, "ಅಕ್ಕಾರ, ಈ ಡಬ್ಬಿ ಉಪಯೋಗ ಇಲ್ರಿ, ಕಿತ್ತು ಒಗದು ಪೈಪಿನ ಬಾಯಿ ಮುಚ್ಚಿಬಿಡ್ತೀನಿ" ಎಂದ. ಬಾಯಿ ಮುಚ್ಚಿದರೆ ಟ್ಯಾಂಕಿನಲ್ಲಿ ಒತ್ತಡ ಏರುತ್ತದೆ. ತೆರೆದಿಟ್ಟರೆ ಆವಿಯೆಲ್ಲ ಹೊರಗೆ. ಪೆಟ್ರೋಲಿನಲ್ಲಿ ಬೆಂಜೀನ್ ಇದೆ. ಅದು ರಕ್ತದ ಕ್ಯಾನ್ಸರ್ ತರುವ ವಸ್ತು. ಕಿಡಿ ತಾಗಿದರಂತೂ ಮಾತೇ ಬೇಡ. ನಾನು ಒಪ್ಪಲಿಲ್ಲ.

ಯಾದಗಿರಿಯ ಇನ್ನೊಬ್ಬ ಹಿರಿಯ ಮಿಸ್ತ್ರಿ ಕ್ರಮವಾಗಿ ನೋಡಿದರು. ಕಾರನ್ನು ಬಯಲಲ್ಲಿ ನಿಲ್ಲಿಸಿ, ಎಂಜಿನ್ ತಣ್ಣಗಾಗುವವರೆಗೆ ಕಾದರು. ಸುತ್ತ ಬೀಡಿ ಸೇದುವವರನ್ನು ದೂರ ಕಳಿಸಿ ಬ್ಯಾಟರಿಯ ತಂತಿ ಬಿಚ್ಚಿದರು. ಮೊದಲು ಎಲ್ಲಿಯಾದರೂ ಪೆಟ್ರೋಲೇ ತೊಟ್ಟಿಕ್ಕುತ್ತಿದೆಯೇ ಎಂದು ಹುಡುಕಿದರು; ಇರಲಿಲ್ಲ. ಟ್ಯಾಂಕಿನ ಮುಚ್ಚಳದ ರಬ್ಬರು ಒಣಗಿ ಬಿರಿದಿತ್ತು. ಆವಿಯ ಒಂದು ರಬ್ಬರ್ ಪೈಪು ಬಗ್ಗಿಸಿದರೆ ಸೀಳು ಕಾಣುತ್ತಿತ್ತು. ಪರ್ಜ್ ವಾಲ್ವನ್ನು ಬಿಚ್ಚಿ ಕೈಪಂಪಿನಿಂದ ಗಾಳಿ ಹಾಕಿದರು. ಕರೆಂಟು ಕೊಡದಿದ್ದಾಗ ಅದು ಗಾಳಿ ಬಿಡಬಾರದು, ಕೊಟ್ಟಾಗ ಟಿಕ್ಕೆಂದು ತೆರೆಯಬೇಕು. ನಮ್ಮದು ಸದಾ ತೆರೆದೇ ಇತ್ತು. ಬಿಸಿಯಿದ್ದಾಗ ಕಾರು ಬೇಗ ಚಾಲೂ ಆಗದೆ ನಡುಗುತ್ತಿದ್ದುದರ ಗುಟ್ಟು ಅದೇ. ಇದ್ದಿಲ ಡಬ್ಬಿಯನ್ನು ಅಲುಗಿಸಿದರೆ ಒಳಗೆ ಪೆಟ್ರೋಲು ಗುಳುಗುಳು ಎಂದಿತು. ಬಂಕಿನಲ್ಲಿ ನಳಿಕೆ ತಾನಾಗಿ ನಿಂತ ಮೇಲೂ "ಇನ್ನಷ್ಟು ಹಾಕ್ರಿ" ಎಂದು ಕಂಠದವರೆಗೆ ತುಂಬಿಸುವ ರೂಢಿ ಬಹಳ ಜನರಿಗಿದೆ. ಆ ಪೆಟ್ರೋಲು ಡಬ್ಬಿಗೆ ಹರಿದು ಇದ್ದಿಲನ್ನು ಕೆಡಿಸುತ್ತದೆ.

ಮುಚ್ಚಳ, ಪೈಪು, ವಾಲ್ವು, ಡಬ್ಬಿ ನಾಲ್ಕೂ ಹೊಸದಾದವು. ಡಬ್ಬಿ ಮಾತ್ರ ಕಲಬುರಗಿಯಿಂದ ಬರಲು ವಾರ ಹಿಡಿಯಿತು. ಆಮೇಲೆ ಸೊಸೆ ಹಿಂದಿನ ಸೀಟಿನಲ್ಲಿ ಕೂತು, ಕಿಟಕಿ ಏರಿಸಿಕೊಂಡೇ ಆಸ್ಪತ್ರೆಗೆ ಹೋಗಿಬಂದಳು.

ನಮ್ಮ ಹೊಗೆ ತಪಾಸಣೆಯ ಚೀಟಿ ಸೈಲೆನ್ಸರಿನಿಂದ ಬರುವುದನ್ನಷ್ಟೇ ಅಳೆಯುತ್ತದೆ. ನಿಂತ ಕಾರಿನಿಂದ ಹೋಗುವ ಆವಿಯನ್ನು ಅಳೆಯುವ ಯಂತ್ರ ಆ ಅಂಗಡಿಯಲ್ಲಿಲ್ಲ. ಅದಕ್ಕೆ ಇರುವುದು ಕಾರಿನಲ್ಲಿ ಕೂತವರ ಮೂಗು ಮಾತ್ರ. ಲಾಸ್ ಏಂಜಲೀಸಿನ ಹೆಂಗಸರು ತಮ್ಮ ಕಣ್ಣುರಿಯನ್ನು ನಂಬಿ ಬೀದಿಗಿಳಿದದ್ದರಿಂದ ಕಾನೂನು ಬರುವ ದಾರಿ ಹತ್ತಿರವಾಯಿತು. ಕಾರಿನ ಬಾಗಿಲು ತೆಗೆದೊಡನೆ ಪೆಟ್ರೋಲಿನ ವಾಸನೆ ಬಂತೆಂದು ಮನೆಯ ಮಗಳೋ ಸೊಸೆಯೋ ಹೇಳಿದರೆ, ಅದನ್ನು ಮೊದಲು ನಂಬಿರಿ. ಮುಚ್ಚಳದ ರಬ್ಬರಿನಿಂದ ಹುಡುಕಲು ಆರಂಭಿಸಿರಿ. ಇದ್ದಿಲ ಡಬ್ಬಿಯನ್ನು ಕೀಳಲು ಮಾತ್ರ ಯಾರಿಗೂ ಬಿಡಬೇಡಿರಿ.