ನೀಲಗಿರಿಯಲ್ಲಿ ಕೋವಿಮದ್ದಿನ ಚರಿತ್ರೆ

ಚರಿತ್ರೆಯೆಂದೊಡನೆ ವಿದ್ಯಾರ್ಥಿಗಳಿಗೆ ಅರಸರ ಹೆಸರುಗಳೂ ಯುದ್ಧಗಳ ಇಸವಿಗಳೂ ನೆನಪಿಗೆ ಬರುವುದು ಸಹಜ. ಆದರೆ ಒಂದು ಚಿಟಿಕೆ ಮದ್ದಿಗೂ ಚರಿತ್ರೆಯುಂಟು. ಕಾಡುಹಂದಿಯ ಬೇಟೆಗೆ ಹೊರಟವನು ಕೋವಿಗೆ ಎಷ್ಟು ಮದ್ದು ತುಂಬಬೇಕು, ಎಷ್ಟು ತೂಕದ ಗುಂಡನ್ನಿಡಬೇಕು ಎಂಬುದು ಚಿಕ್ಕ ಪ್ರಶ್ನೆ. ಅದು ನಮ್ಮ ನೀಲಗಿರಿಯಲ್ಲಿ ಬೇಟೆಗಾರನ ಕೈಯಿಂದ ಕಾರ್ಖಾನೆಗೂ, ಕಡೆಗೆ ಕಾನೂನಿನ ಬಾಗಿಲಿಗೂ ಹೇಗೆ ಸಾಗಿತೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಹಿಂದಿನ ಕೋವಿಗೆ ನಳಿಗೆಯ ಬಾಯಿಂದಲೇ ಮದ್ದು ತುಂಬಬೇಕಾಗಿತ್ತು. ಪೆಟ್ಲುಪ್ಪು, ಗಂಧಕ, ಇದ್ದಿಲು ಈ ಮೂರನ್ನು ಅರೆದು ಮಾಡಿದ ಕರಿಮದ್ದನ್ನು ಅಳೆದು ಸುರಿದು, ಸೀಸದ ಗುಂಡನ್ನಿಟ್ಟು, ಗಜದಿಂದ ಜಡಿಯುತ್ತಿದ್ದರು. ಅಳತೆ ಒಂದೊಂದು ಸಲಕ್ಕೆ ಒಂದೊಂದು ಬಗೆಯಾದರೆ ಗುಂಡೂ ಒಂದೊಂದು ದಾರಿ ಹಿಡಿಯುತ್ತಿತ್ತು. ಗೂಡಲೂರಿನಂತಹ ಬಿರುಮಳೆಯ ಸೀಮೆಯಲ್ಲಿ ಮದ್ದು ತೇವ ಹೀರಿದರೆ ಕೋವಿ ಹಾರದೆಯೇ ಹೋಗುವುದೂ ಉಂಟು. ಆದುದರಿಂದ ಮದ್ದನ್ನು ಒಣಗಿಸಿಟ್ಟು ಒಂದೇ ಅಳತೆಯಲ್ಲಿ ತುಂಬುವವನೇ ನಿಪುಣನೆನಿಸುತ್ತಿದ್ದನು.

ಈ ನೈಪುಣ್ಯಕ್ಕೆ ಶಾಸ್ತ್ರದ ತಳಹದಿಯನ್ನು ಹಾಕಿದವರಲ್ಲಿ ಪ್ರಮುಖನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ಇವನು 1742ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗುಂಡಿನ ವೇಗವನ್ನು ಅಳೆಯುವ ಉಪಾಯವೊಂದನ್ನು ವಿವರಿಸಿದನು. ತೂಗುಹಾಕಿದ ಭಾರವಾದ ಮರದ ದಿಮ್ಮಿಗೆ ಗುಂಡು ಹೊಡೆದರೆ ದಿಮ್ಮಿ ಹಿಂದಕ್ಕೆ ತೂಗುವುದು. ಎಷ್ಟು ತೂಗಿತೆಂಬುದನ್ನೂ ಗುಂಡಿನ ಮತ್ತು ದಿಮ್ಮಿಯ ತೂಕಗಳನ್ನೂ ತಿಳಿದರೆ ಗುಂಡಿನ ವೇಗವನ್ನು ಲೆಕ್ಕ ಹಾಕಬಹುದು. ನಳಿಗೆಯೊಳಗೆ ಸುರುಳಿಗೆರೆ ಕೊರೆದ ಕೋವಿಯೇ, ಅಂದರೆ ರೈಫಲೇ, ಮೇಲೆಂಬುದನ್ನೂ ಅವನು ವಾದಿಸಿದನು. ಈಸ್ಟ್ ಇಂಡಿಯಾ ಕಂಪೆನಿಯು ತನ್ನ ಕೋಟೆಗಳನ್ನು ಭದ್ರಪಡಿಸಲು ಅವನನ್ನು ಇಲ್ಲಿಗೆ ಕಳುಹಿಸಿತು. 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಅವನು ತೀರಿಕೊಂಡನು. ಅಷ್ಟು ದೊಡ್ಡ ವಿಜ್ಞಾನಿಯ ಕಡೆಯ ದಿನಗಳು ನಮ್ಮ ತಮಿಳು ನೆಲದಲ್ಲಿಯೇ ಕಳೆದುವೆಂಬುದು ಪಾಠಶಾಲೆಗಳಲ್ಲಿ ಹೇಳತಕ್ಕ ಸಂಗತಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಹಿತ್ತಾಳೆಯ ತೋಟೆ ಬಳಕೆಗೆ ಬಂದಿತು. ಅದರಲ್ಲಿ ನಾಲ್ಕು ಅಂಗಗಳು: ಹಿತ್ತಾಳೆಯ ಕೋಶ, ಕಿಡಿ ಹೊತ್ತಿಸುವ ಕೇಪು, ಮದ್ದು, ಗುಂಡು. ಹಾರಿಸಿದ ಮೇಲೆ ಉಳಿಯುವ ಕೋಶಕ್ಕೆ ಮತ್ತೆ ಕೇಪು, ಮದ್ದು, ಗುಂಡುಗಳನ್ನು ಸೇರಿಸಿ ಬಳಸಬಹುದಾಗಿತ್ತು. ಸೀಮೆಯಿಂದ ಹಡಗಿನಲ್ಲಿ ಬರುವ ತೋಟೆಗೆ ಕಾಯಲಾರದ ಬೇಟೆಗಾರರು ಮನೆಯಲ್ಲಿಯೇ ತೋಟೆ ತುಂಬುವುದು ರೂಢಿಯಾಯಿತು. ಮದ್ದಿನ ತೂಕಕ್ಕೆ ಅವರು ಬಳಸುತ್ತಿದ್ದುದು ಗ್ರೇನ್ ಎಂಬ ಮಾನ. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ಸುಮಾರು 2 ಗ್ರೇನಿನಷ್ಟಾಗುವುದು. ಇಷ್ಟು ಸೂಕ್ಷ್ಮ ತೂಕದಲ್ಲಿ ವ್ಯತ್ಯಾಸವಾದರೂ ದೂರದ ಗುರಿಯಲ್ಲಿ ಅದು ಕಾಣಿಸಿಕೊಳ್ಳುವುದು.

ಒಳ್ಳೆಯ ತೋಟೆಯನ್ನು ಕಂಡುಹಿಡಿಯುವ ಕ್ರಮವು ವಿದ್ಯಾರ್ಥಿಗಳಿಗೆ ಬೋಧಪ್ರದವಾದುದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಮದ್ದನ್ನು ಬದಲಿಸಿದರೆ ಗುಂಡನ್ನು ಬದಲಿಸಬಾರದು. ಹೀಗೆ ಒಂದೇ ಬಗೆಯಾಗಿ ತುಂಬಿದ ಐದು ತೋಟೆಗಳನ್ನು ಹಲಗೆಯೊಂದಕ್ಕೆ ಹಾರಿಸಿ, ತೂತುಗಳು ಎಷ್ಟು ಹತ್ತಿರ ಬಿದ್ದಿವೆಯೆಂದು ನೋಡಬೇಕು. ಐದೂ ಒಂದೆಡೆ ಬಿದ್ದರೆ, ಗುರಿಯ ಮಧ್ಯಕ್ಕೆ ಬೀಳದಿದ್ದರೂ ತೋಟೆ ಒಳ್ಳೆಯದೇ, ದಿಟ್ಟಿಕಂಡಿಯನ್ನು ಸರಿಪಡಿಸಿದರಾಯಿತು. ಚದರಿ ಬಿದ್ದರೆ ಒಂದು ಮಧ್ಯಕ್ಕೆ ತಾಗಿದರೂ ಅದು ಕೇವಲ ಅದೃಷ್ಟ. ಒಂದು ಉತ್ತರ ಸರಿಯಾದ ಮಾತ್ರಕ್ಕೆ ಹುಡುಗನಿಗೆ ಲೆಕ್ಕ ಬಂದಿತೆನ್ನಲಾದೀತೆ?

ಹಂದಿಯ ವಿಷಯದಲ್ಲಂತೂ ಇದು ಪ್ರಾಣದ ಪ್ರಶ್ನೆ. ಬಲಿತ ಗಂಡುಹಂದಿಯ ಹೆಗಲಿನ ಮೇಲೆ ಗುರಾಣಿಯಂತಹ ದಪ್ಪ ಚರ್ಮವಿರುವುದು. ಬಲಸಾಲದ ಅಥವಾ ದಾರಿತಪ್ಪಿದ ಗುಂಡು ಅದನ್ನು ಕೊಲ್ಲದೆ ಗಾಯಗೊಳಿಸುವುದಷ್ಟೆ. ಗಾಯಗೊಂಡ ಹಂದಿ ಪೊದೆ ಸೇರಿ ನರಳುವುದು. ಮರುದಿನ ಸೌದೆಗೆ ಹೋದ ಬಡವನ ಮೇಲೆ ಎರಗಿದರೂ ಎರಗೀತು. ಮದ್ದು ತೂಗಿದವನ ಅಜಾಗ್ರತೆಗೆ ದಂಡ ತೆರುವವನು ಮತ್ತೊಬ್ಬನು!

1889ರಲ್ಲಿ ಏಬೆಲ್ ಮತ್ತು ಡ್ಯೂಯರ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಕಾರ್ಡೈಟ್ ಎಂಬ ಹೊಸ ಮದ್ದನ್ನು ಕಂಡುಹಿಡಿದರು. ಇದರಲ್ಲಿ ಹೊಗೆ ಅತ್ಯಲ್ಪ, ಬಲ ಅಧಿಕ. ಆದರೆ ಇದು ಪುಡಿಯಲ್ಲ, ಶಾವಿಗೆಯಂತಹ ಎಳೆ. ಸೈನ್ಯದ 303 ರೈಫಲಿನ ತೋಟೆಯಲ್ಲಿ ಎಳೆಗಳ ಕಟ್ಟನ್ನು ಮೊದಲು ಇಟ್ಟು, ಅನಂತರ ಯಂತ್ರದಿಂದ ಕೋಶದ ಕೊರಳನ್ನು ಕಿರಿದುಗೊಳಿಸುತ್ತಿದ್ದರು. ಮನೆಯ ಜಗಲಿಯಲ್ಲಿ ಕುಳಿತು ತುಂಬುವವನಿಗೆ ಇದು ಸುಲಭಸಾಧ್ಯವಲ್ಲ. ಹೀಗೆ ನಿಖರತೆಯ ಹೊಣೆಯು ಕೈಯಿಂದ ಕಾರ್ಖಾನೆಗೆ ಜಾರಿತು.

ಆ ಕಾರ್ಖಾನೆಯೂ ನಮ್ಮ ಜಿಲ್ಲೆಗೇ ಬಂದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೂನೂರಿನ ಬಳಿಯ ಅರುವಂಕಾಡಿನಲ್ಲಿ ಕಾರ್ಡೈಟ್ ಕಾರ್ಖಾನೆ ಸ್ಥಾಪಿತವಾಯಿತು. ಮೇಟುಪಾಳ್ಯದಿಂದ ಕೂನೂರಿಗೆ 1899ರಲ್ಲಿಯೇ ಬಂದಿದ್ದ ಬೆಟ್ಟದ ರೈಲು 1908ರಲ್ಲಿ ಉದಕಮಂಡಲವನ್ನು ಮುಟ್ಟಿತು. ಅದರ ದಾರಿಯಲ್ಲಿಯೇ ಅರುವಂಕಾಡು ಇದೆ. ಕಾಟೇರಿ ಜಲಪಾತದ ನೀರು ಕಾರ್ಖಾನೆಗೆ ವಿದ್ಯುತ್ತನ್ನು ಒದಗಿಸಿತು. ಅತ್ತ ಮೈಸೂರಿನಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ನಡೆಸತೊಡಗಿತ್ತೆಂಬುದನ್ನು ಇಲ್ಲಿ ಸ್ಮರಿಸಬಹುದು. 2021ರಿಂದ ಈ ಕಾರ್ಖಾನೆಯು ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರಕಾರಿ ಸಂಸ್ಥೆಗೆ ಸೇರಿದೆ.

ಕಾರ್ಡೈಟಿಗೂ ಒಂದು ದೋಷವಿತ್ತು. ಬಿಸಿಲಿಗೆ ಕಾದ ಮದ್ದು ಹೆಚ್ಚು ರಭಸದಿಂದ ಉರಿದು ನಳಿಗೆಯ ಮೇಲಿನ ಒತ್ತಡವನ್ನು ಏರಿಸುವುದು. ಆದುದರಿಂದ ಉಷ್ಣದೇಶಗಳಿಗೆ ಕಳುಹಿಸುವ ಬೇಟೆಯ ತೋಟೆಗಳಲ್ಲಿ ಇಂಗ್ಲೆಂಡಿನ ತಯಾರಕರು ಮದ್ದನ್ನು ತುಸು ಕಡಿಮೆ ಮಾಡುತ್ತಿದ್ದರು. ನಮ್ಮ ಜಿಲ್ಲೆಯನ್ನೇ ನೋಡಿರಿ: ಉದಕಮಂಡಲದಲ್ಲಿ ಹಿಮ ಬೀಳುವ ಮುಂಜಾನೆಗಳು, ಕೆಳಗೆ ಮಸಿನಗುಡಿಯಲ್ಲಿ ಸುಡುವ ಬಿಸಿಲು. ಒಂದೇ ತೋಟೆ ಎರಡು ಕಡೆಯೂ ಒಂದೇ ರೀತಿ ನಡೆಯಲಾರದು.

ಕೋವಿ ನಿಖರವಾದಷ್ಟೂ ಕಾಡು ಬರಿದಾಗತೊಡಗಿತು. ಇದನ್ನು ಬೇಟೆಗಾರರೇ ಮೊದಲು ಕಂಡುಕೊಂಡರು. 1877ರಲ್ಲಿ ನೀಲಗಿರಿಯಲ್ಲಿ ಬೇಟೆಯ ಪ್ರಾಣಿಗಳ ರಕ್ಷಣೆಗೆ ಸಂಘವೊಂದು ಹುಟ್ಟಿತು. 1879ರಲ್ಲಿ ನೀಲಗಿರಿಯ ಬೇಟೆಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಯ ಕಾಯಿದೆ ಬಂದಿತು. 1940ರಲ್ಲಿ ಮುದುಮಲೆ ಅಭಯಾರಣ್ಯವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿ ವಿನೋದದ ಬೇಟೆಯನ್ನು ಕೊನೆಗಾಣಿಸಿದವು. ಪರವಾನಗಿಯಿಲ್ಲದೆ ತೋಟೆ ತಯಾರಿಸುವುದೂ 1959ರ ಆಯುಧ ಕಾಯಿದೆಯಂತೆ ಅಪರಾಧ.

ಆದರೂ ಸಮಸ್ಯೆ ಮುಗಿದಿಲ್ಲ. ಆಲೂಗಡ್ಡೆಯ ಹೊಲವನ್ನು ಒಂದೇ ರಾತ್ರಿಯಲ್ಲಿ ಹಂದಿಗಳು ಉತ್ತುಹಾಕಿದಾಗ ರೈತನ ದುಃಖ ಸುಳ್ಳಲ್ಲ. ಅದಕ್ಕೆ ಕೆಲವರು ತಿನಿಸಿನಲ್ಲಿ ಸಿಡಿಮದ್ದನ್ನಿಟ್ಟು ಸೇಡು ತೀರಿಸಿಕೊಳ್ಳುತ್ತಾರೆ. ಬಾಯಿ ಛಿದ್ರವಾದ ಪ್ರಾಣಿ ದಿನಗಟ್ಟಲೆ ನರಳಿ ಸಾಯುವುದು. ಆ ಮದ್ದಿಗೆ ಹಂದಿ ಯಾವುದು, ಆನೆ ಯಾವುದು, ಹಸು ಯಾವುದು ಎಂಬ ಭೇದವಿಲ್ಲ. ಹಂದಿಯ ಉಪದ್ರವಕ್ಕೆ ಪರಿಹಾರ ಬೇಕಾದರೆ ಅರಣ್ಯ ಇಲಾಖೆಗೆ ದೂರು ಕೊಡುವುದೇ ಸರಿಯಾದ ದಾರಿ. ಕೊಲ್ಲಲೇಬೇಕಾದಾಗ ಅಪ್ಪಣೆ ಕೊಡುವ ಅಧಿಕಾರ ಕಾಯಿದೆಯಲ್ಲಿಯೇ ಇದೆ.

ಮದ್ದಿನ ಮೇಲೆ ಮನುಷ್ಯನು ಪಡೆದ ಹಿಡಿತವೇ ಈ ಚರಿತ್ರೆಯ ಸಾರ. ಗುಲಗಂಜಿಯಲ್ಲಿ ತೂಗಿ, ದಿಮ್ಮಿಯಲ್ಲಿ ಅಳೆದು, ಕಾನೂನಿನಲ್ಲಿ ಕಟ್ಟಿ ಮೂರು ಶತಮಾನಗಳಲ್ಲಿ ಗಳಿಸಿದ ಆ ಹಿಡಿತವನ್ನು ಒಂದು ಸಿಡಿಯುಂಡೆಯಲ್ಲಿ ಕಳೆದುಕೊಳ್ಳುವುದು ವಿವೇಕವಲ್ಲ. ಕಾಡಿನಂಚಿನ ಶಾಲೆಗಳ ಉಪಾಧ್ಯಾಯರು ಇದನ್ನು ಮಕ್ಕಳಿಗೆ ತಿಳಿಯಹೇಳಿದರೆ, ಮಕ್ಕಳು ಮನೆಯ ಹಿರಿಯರಿಗೆ ತಲುಪಿಸಿಯಾರೆಂದು ನಾವು ನಂಬುತ್ತೇವೆ.