ಪೆಪ್ಪರ್ ಅಂಡ್ ಕ್ಯಾರಟ್

ಪೆಪ್ಪರ್ ಅಂಡ್ ಕ್ಯಾರಟ್ ಎಂಬುದು ಫ್ರಾನ್ಸಿನ ಚಿತ್ರಕಲಾವಿದ ಡೇವಿಡ್ ರೆವೊಯ್ ಅವರು 2014ರ ಮೇ ತಿಂಗಳಿನಲ್ಲಿ ಅಂತರಜಾಲದಲ್ಲಿ ಪ್ರಕಟಿಸಲು ಆರಂಭಿಸಿದ ಚಿತ್ರಕಥಾ ಸರಣಿ. ಪೆಪ್ಪರ್ ಎಂಬ ಎಳೆಯ ಮಾಟಗಾತಿ ಹಾಗೂ ಅವಳ ಬೆಕ್ಕು ಕ್ಯಾರಟ್ ಇದರ ಮುಖ್ಯ ಪಾತ್ರಗಳು. ಈ ಸರಣಿಯನ್ನು ಯಾರು ಬೇಕಾದರೂ ಹಣ ಕೊಡದೆ ಓದಬಹುದು, ಅನುವಾದಿಸಬಹುದು, ಬದಲಿಸಬಹುದು, ಅಚ್ಚು ಹಾಕಿಸಿ ಮಾರಲೂಬಹುದು. ಮೂಲ ಕರ್ತೃವಿನ ಹೆಸರನ್ನು ನಮೂದಿಸಬೇಕು ಮತ್ತು ಬದಲಾವಣೆ ಮಾಡಿದ್ದರೆ ತಿಳಿಸಬೇಕು ಎಂಬುದಷ್ಟೇ ಮುಖ್ಯ ಷರತ್ತು. ಪ್ರಕಾಶಕರ ಒಪ್ಪಂದವಾಗಲಿ ಜಾಹೀರಾತಾಗಲಿ ಇಲ್ಲದೆ, ಓದುಗರ ನೇರ ನೆರವಿನಿಂದಲೇ ಒಬ್ಬ ಚಿತ್ರಕಥೆಗಾರ ಜೀವನ ನಡೆಸಬಹುದೆಂದು ತೋರಿಸುವುದು ರೆವೊಯ್ ಅವರ ಘೋಷಿತ ಉದ್ದೇಶಗಳಲ್ಲೊಂದು.

ಹಿನ್ನೆಲೆ

ರೆವೊಯ್ ಅವರು ಈ ಸರಣಿಗೆ ಮುನ್ನ ಪುಸ್ತಕ, ಆಟ ಮತ್ತು ಚಲನಚಿತ್ರಗಳಿಗೆ ಚಿತ್ರ ಬರೆದುಕೊಡುವ ಸ್ವತಂತ್ರ ಕಲಾವಿದರಾಗಿದ್ದರು. ಬ್ಲೆಂಡರ್ ಫೌಂಡೇಶನ್ 2010ರಲ್ಲಿ ಬಿಡುಗಡೆ ಮಾಡಿದ 'ಸಿಂಟೆಲ್' ಎಂಬ ಅನಿಮೇಶನ್ ಕಿರುಚಿತ್ರಕ್ಕೆ ಅವರು ಕಲಾ ನಿರ್ದೇಶಕರಾಗಿದ್ದರು. ಚಿತ್ರದ ಜೊತೆಗೆ ಅದರ ಎಲ್ಲ ಆಕರ ಕಡತಗಳನ್ನೂ ಸಾರ್ವಜನಿಕರಿಗೆ ಬಿಟ್ಟುಕೊಟ್ಟ ಯೋಜನೆ ಅದು. ಮುಂದೆ ಅವರು ತಮ್ಮದೇ ಕಥೆಗೂ ಇದೇ ಕ್ರಮವನ್ನು ಅನುಸರಿಸಿದರು.

ಕಥಾವಸ್ತು

ಕಥೆ ನಡೆಯುವುದು ಹೆರೆವಾ ಎಂಬ ಕಲ್ಪಿತ ಲೋಕದಲ್ಲಿ. ಅಲ್ಲಿ ಮಾಟವಿದ್ಯೆಗೆ ಹಲವು ಪರಂಪರೆಗಳಿವೆ. ಪೆಪ್ಪರ್ ಸೇರಿದ್ದು ಕೇಯೋಸಾ ಎಂಬ ಪರಂಪರೆಗೆ. ಅವಳನ್ನು ಸಾಕಿ ವಿದ್ಯೆ ಕಲಿಸುವವರು ಮೂವರು ವೃದ್ಧ ಮಾಟಗಾತಿಯರು. ಪಾತ್ರಗಳ ಹೆಸರುಗಳೆಲ್ಲ ಸಾಮಾನ್ಯವಾಗಿ ಅಡುಗೆಮನೆಯಿಂದಲೇ ಬಂದಿವೆ: ಪೆಪ್ಪರ್, ಕ್ಯುಮಿನ್, ಕೊರಿಯಾಂಡರ್, ಸ್ಯಾಫ್ರನ್. ಕನ್ನಡದಲ್ಲಿ ಹೇಳುವುದಾದರೆ ಮೆಣಸು, ಜೀರಿಗೆ, ಕೊತ್ತಂಬರಿ, ಕೇಸರಿ. ಶಿಚಿಮಿ ಎಂಬ ಪಾತ್ರದ ಹೆಸರು ಜಪಾನಿನ ಏಳು ಪದಾರ್ಥಗಳ ಮಸಾಲೆಪುಡಿಯದು.

ಆರಂಭದ ಕಂತುಗಳು ಮದ್ದು ಕಾಯಿಸಲು ಹೋಗಿ ಎಡವಟ್ಟಾಗುವ ಪುಟ್ಟ ಹಾಸ್ಯ ಪ್ರಸಂಗಗಳು. ಅವುಗಳಲ್ಲಿ ಮಾತು ಕಡಿಮೆ. ನಂತರದ ಕಂತುಗಳು ಉದ್ದವಾಗುತ್ತ, ಒಂದಕ್ಕೊಂದು ಹೆಣೆದುಕೊಳ್ಳುತ್ತ ಹೋದವು. ಎಲ್ಲ ವಯಸ್ಸಿನವರೂ ಓದಬಹುದಾದ ಕಥೆಯಾಗಿರಬೇಕು ಎಂಬುದನ್ನು ರೆವೊಯ್ ಅವರು ಮೊದಲಿನಿಂದಲೂ ನಿಯಮವಾಗಿ ಇಟ್ಟುಕೊಂಡಿದ್ದಾರೆ.

ಉದ್ದೇಶಗಳು ಮತ್ತು ವರಮಾನ

ಸಾಂಪ್ರದಾಯಿಕ ಪದ್ಧತಿಯಲ್ಲಿ ಓದುಗ ಕೊಟ್ಟ ಹಣ ಕಲಾವಿದನನ್ನು ತಲುಪುವ ಮೊದಲು ಮಳಿಗೆ, ವಿತರಕ, ಮುದ್ರಕ, ಪ್ರಕಾಶಕ ಎಂದು ಹಲವರ ಕೈ ದಾಟುತ್ತದೆ. ಕೃತಿಯ ಹಕ್ಕುಗಳೂ ಒಪ್ಪಂದದ ಮೂಲಕ ಕಲಾವಿದನ ಕೈಬಿಡುತ್ತವೆ. ನಡುವಿನ ಈ ಸರಪಣಿಯನ್ನು ಆದಷ್ಟು ಮೊಟಕುಗೊಳಿಸುವುದು ರೆವೊಯ್ ಅವರ ಮೊದಲ ಗುರಿ. ಎರಡನೆಯದು, ಹಣವಿಲ್ಲದ ಕಾರಣಕ್ಕೆ ಯಾವ ಓದುಗನೂ ಹೊರಗುಳಿಯಬಾರದು ಎಂಬುದು. ಆದ್ದರಿಂದ ನೆರವು ಕೊಟ್ಟವರಿಗೆ ಮಾತ್ರ ತೆರೆಯುವ ಪುಟಗಳಾಗಲಿ, ಅವರಿಗಷ್ಟೇ ಮೀಸಲಾದ ಕಂತುಗಳಾಗಲಿ ಇಲ್ಲ.

ವರಮಾನದ ಮುಖ್ಯ ಮೂಲ ಪೇಟ್ರಿಯಾನ್ ಮುಂತಾದ ಜಾಲತಾಣಗಳ ಮೂಲಕ ಬರುವ ಪೋಷಕರ ದೇಣಿಗೆ. ಪೋಷಕರು ಹೊಸ ಕಂತು ಪ್ರಕಟವಾದಾಗ ಮಾತ್ರ ತಾವು ಒಪ್ಪಿದ ಮೊತ್ತವನ್ನು ಕೊಡುವುದು ಇಲ್ಲಿನ ಪದ್ಧತಿಯಾಗಿತ್ತು. 30ನೆಯ ಕಂತಿನ ಆಸುಪಾಸಿಗೆ ಅವರ ಸಂಖ್ಯೆ ಸಾವಿರದಷ್ಟಾಗಿತ್ತು. ಈ ಪದ್ಧತಿ ಓದುಗರಿಗೆ ನ್ಯಾಯವಾದದ್ದೇ. ಆದರೆ ಕಥೆ ಬೆಳೆದು ಒಂದೊಂದು ಕಂತಿಗೂ ಹೆಚ್ಚು ತಿಂಗಳು ಹಿಡಿದಂತೆಲ್ಲ ಕಲಾವಿದನ ಕೈಗೆ ಹಣ ಬರುವ ಅವಧಿಯೂ ದೂರವಾಗುತ್ತದೆ.

ಪರವಾನಗಿ

ಸರಣಿಯು ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ 4.0 ಪರವಾನಗಿಯಲ್ಲಿದೆ. ಅನೇಕ ಜಾಲ ಚಿತ್ರಕಥೆಗಾರರು ಇದೇ ಕುಟುಂಬದ 'ವಾಣಿಜ್ಯೇತರ' ಪರವಾನಗಿಯನ್ನು ಆರಿಸಿಕೊಳ್ಳುತ್ತಾರೆ. ಅದರಲ್ಲಿ ಓದುಗರು ಹಂಚಿಕೊಳ್ಳಬಹುದು, ಮಾರುವಂತಿಲ್ಲ. ರೆವೊಯ್ ಅವರು ಅದನ್ನು ಬೇಕೆಂದೇ ಒಪ್ಪಲಿಲ್ಲ. ತಮ್ಮ ಲೋಕವನ್ನು ಆಧರಿಸಿ ಆಟ, ಗೊಂಬೆ, ಪುಸ್ತಕ ಅಥವಾ ಅನಿಮೇಶನ್ ಮಾಡುವವರೂ ಅದರಿಂದ ಸಂಪಾದಿಸುವಂತಾಗಬೇಕು ಎಂಬುದು ಅವರ ವಾದ. ರಷ್ಯಾದ ಮೊರೆವ್ನಾ ಪ್ರಾಜೆಕ್ಟ್ ತಂಡ ಮುಕ್ತ ತಂತ್ರಾಂಶಗಳನ್ನೇ ಬಳಸಿ 'ಮದ್ದಿನ ಸ್ಪರ್ಧೆ'ಯನ್ನು ಕುರಿತ ಆರನೆಯ ಕಂತನ್ನು ಅನಿಮೇಶನ್‌ಗೆ ತಂದದ್ದು ಇಂತಹ ರೂಪಾಂತರಗಳಲ್ಲಿ ಹೆಚ್ಚು ಪರಿಚಿತವಾದುದು.

ಗ್ಲೆನಾ ಆವೃತ್ತಿ ಮತ್ತು ಚರ್ಚೆ

ಫ್ರಾನ್ಸಿನ ದೊಡ್ಡ ಚಿತ್ರಕಥಾ ಪ್ರಕಾಶನ ಸಂಸ್ಥೆಗಳಲ್ಲೊಂದಾದ ಗ್ಲೆನಾ 2016ರಲ್ಲಿ ಈ ಸರಣಿಯ ಮೊದಲ ಸಂಪುಟವನ್ನು ಫ್ರೆಂಚ್ ಭಾಷೆಯಲ್ಲಿ ಮುದ್ರಿಸಿತು. ಪರವಾನಗಿಯ ಪ್ರಕಾರ ಅದಕ್ಕೆ ಅನುಮತಿಯ ಅಗತ್ಯವಿರಲಿಲ್ಲ, ಗೌರವಧನ ಕೊಡಬೇಕಾಗಿಯೂ ಇರಲಿಲ್ಲ. ರೆವೊಯ್ ಮತ್ತು ಗ್ಲೆನಾ ನಡುವೆ ಪ್ರಕಾಶನ ಒಪ್ಪಂದವೂ ಆಗಲಿಲ್ಲ. ಬದಲಿಗೆ ಸಂಸ್ಥೆಯು ಉಳಿದ ಓದುಗರಂತೆಯೇ ಕಂತಿಗಿಷ್ಟು ಎಂದು ದೇಣಿಗೆ ಕೊಡುವ ಪೋಷಕರ ಸಾಲಿಗೆ ಸೇರಿತು.

ಇದು ಫ್ರಾನ್ಸಿನ ಚಿತ್ರಕಥೆಗಾರರ ವಲಯದಲ್ಲಿ ಟೀಕೆಗೆ ಗುರಿಯಾಯಿತು. ಟೀಕೆಯ ತೀಕ್ಷ್ಣತೆಗೆ ಕಾರಣವಿತ್ತು. ಅದೇ ವರ್ಷದ ಆರಂಭದಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಉತ್ತರಿಸಿದ ವೃತ್ತಿಪರ ಚಿತ್ರಕಥಾ ಕರ್ತೃಗಳಲ್ಲಿ ಶೇ. 53ರಷ್ಟು ಮಂದಿಯ ಆದಾಯ ಕಾನೂನುಬದ್ಧ ಕನಿಷ್ಠ ವೇತನಕ್ಕಿಂತ ಕಡಿಮೆಯಿರುವುದು, ಶೇ. 36ರಷ್ಟು ಮಂದಿ ಬಡತನದ ರೇಖೆಯ ಕೆಳಗಿರುವುದು ತಿಳಿದುಬಂದಿತ್ತು. ಇಂತಹ ಹೊತ್ತಿನಲ್ಲಿ ಹೆಸರಾಂತ ಪ್ರಕಾಶಕರಿಗೆ ಸಿದ್ಧ ಪುಟಗಳು ಒಪ್ಪಂದವಿಲ್ಲದೆ ಸಿಗತೊಡಗಿದರೆ, ಮುಂಗಡ ಮತ್ತು ಗೌರವಧನಕ್ಕಾಗಿ ಹೋರಾಡುತ್ತಿರುವ ಉಳಿದವರ ಗತಿಯೇನು ಎಂಬುದು ಆಕ್ಷೇಪದ ತಿರುಳು. ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ರೆವೊಯ್ ಅವರ ನಿಲುವು ಬೇರೆ: ಹಕ್ಕುಗಳು ತಮ್ಮಲ್ಲೂ ಓದುಗರಲ್ಲೂ ಉಳಿದಿವೆ, ಮುಂದಿನ ಕಥೆ ಹೇಗಿರಬೇಕೆಂದು ಹೇಳುವ ಅಧಿಕಾರ ಪ್ರಕಾಶಕರಿಗಿಲ್ಲ, ಬೇರೊಬ್ಬ ಪ್ರಕಾಶಕ ಇದನ್ನೇ ಅಚ್ಚು ಹಾಕಿಸಲು ಬಯಸಿದರೆ ತಡೆಯಿಲ್ಲ. ಗ್ಲೆನಾ ಮುಂದೆ ಇನ್ನೂ ಸಂಪುಟಗಳನ್ನು ತಂದಿತು. ರೆವೊಯ್ ಅವರೂ ಬೇಡಿಕೆಗೆ ತಕ್ಕಂತೆ ಪ್ರತಿ ಮುದ್ರಿಸುವ ಸೇವೆಯ ಮೂಲಕ ತಮ್ಮದೇ ಪುಸ್ತಕಗಳನ್ನು ಹೊರತಂದರು.

ಟೋಕನ್ ಮಾರಾಟಕ್ಕೆ ವಿರೋಧ

ಇಷ್ಟು ಉದಾರ ಪರವಾನಗಿಯ ಕರ್ತೃವೂ ಒಂದು ಹಂತದಲ್ಲಿ ಬೇಡವೆನ್ನಬೇಕಾಯಿತು. ಕಣ್ಣು, ತುಪ್ಪಳ, ಬಾಯಿಗಳ ಬಿಡಿ ಚಿತ್ರಗಳನ್ನು ಜೋಡಿಸಿ ಬಗೆಬಗೆಯ ಬೆಕ್ಕಿನ ಮುಖಗಳನ್ನು ಸೃಷ್ಟಿಸುವ ಸಣ್ಣ ತಂತ್ರಾಂಶವನ್ನು ರೆವೊಯ್ ಅವರು ಮುಕ್ತವಾಗಿ ನೀಡಿದ್ದರು. 2021ರಲ್ಲಿ ಬೇರೆಯವರು ಅದರಿಂದ ಹುಟ್ಟಿದ ಚಿತ್ರಗಳನ್ನು ಎನ್‌ಎಫ್‌ಟಿ ಟೋಕನ್‌ಗಳಾಗಿ ಮಾರಾಟಕ್ಕಿಟ್ಟಾಗ, ಅವನ್ನು ಕೊಳ್ಳಬೇಡಿ ಎಂದು ಅವರು ಬಹಿರಂಗವಾಗಿ ಕೇಳಿಕೊಂಡರು. ಪರವಾನಗಿ ಮಾರಾಟವನ್ನು ಒಪ್ಪುತ್ತದೆಯಾದರೂ, ತಮ್ಮ ಕಲೆಯನ್ನು ಈ ಬಗೆಯ ವ್ಯವಹಾರಕ್ಕೆ ಬಳಸುವುದು ಕರ್ತೃವಿನ ನೈತಿಕ ಹಕ್ಕಿಗೆ ವಿರುದ್ಧವೆಂಬುದು ಅವರ ಅಭಿಪ್ರಾಯ. ಫ್ರಾನ್ಸಿನ ಕಾನೂನಿನಲ್ಲಿ ನೈತಿಕ ಹಕ್ಕು ಆರ್ಥಿಕ ಹಕ್ಕಿಗಿಂತ ಬೇರೆಯಾದುದು ಮತ್ತು ಪರಭಾರೆ ಮಾಡಲಾಗದ್ದು. ಅನುಮತಿ ಕೊಡುವುದಕ್ಕೂ ಸಮ್ಮತಿಸುವುದಕ್ಕೂ ಇರುವ ಈ ಅಂತರ ಮುಕ್ತ ಪರವಾನಗಿಗಳನ್ನು ಬಳಸುವ ಇತರ ಕಲಾವಿದರನ್ನೂ ಕಾಡುವಂಥದ್ದು.

ರಚನಾಕ್ರಮ ಮತ್ತು ಅನುವಾದ

ಸರಣಿಯನ್ನು ಲಿನಕ್ಸ್ ಗಣಕದಲ್ಲಿ ಮುಕ್ತ ತಂತ್ರಾಂಶಗಳಿಂದಲೇ ರಚಿಸಲಾಗುತ್ತದೆ. ಚಿತ್ರಗಳಿಗೆ ಕ್ರೀಟಾ, ಅಕ್ಷರ ಮತ್ತು ಮಾತಿನ ಗುಳ್ಳೆಗಳಿಗೆ ಇಂಕ್‌ಸ್ಕೇಪ್ ಬಳಕೆಯಾಗುತ್ತವೆ. ಕ್ರೀಟಾದ ದೋಷಗಳನ್ನು ಅದರ ಅಭಿವರ್ಧಕರಿಗೆ ತಿಳಿಸುವುದು, ಅದಕ್ಕೆ ಕುಂಚಗಳ ಸಂಗ್ರಹ ಸಿದ್ಧಪಡಿಸುವುದು ರೆವೊಯ್ ಅವರ ಕೆಲಸದ ಭಾಗವೇ ಆಗಿದೆ. ಪದರಗಳು ಹಾಗೆಯೇ ಉಳಿದಿರುವ ಮೂಲ ಕಡತಗಳನ್ನೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಚಿತ್ರ ಮತ್ತು ಮಾತುಗಳು ಬೇರೆ ಬೇರೆ ಕಡತಗಳಲ್ಲಿರುವುದರಿಂದ ಚಿತ್ರವನ್ನು ಮುಟ್ಟದೆ ಮಾತನ್ನು ಮಾತ್ರ ಬದಲಿಸಬಹುದು. ಬಣ್ಣದ ಪುಟದಲ್ಲಿ ಅಕ್ಷರ ಅಳಿಸಿ ಹಿನ್ನೆಲೆಯನ್ನು ಮತ್ತೆ ಬಳಿಯುವುದು ಚಿತ್ರಕಥೆಯ ಅನುವಾದಕರಿಗೆ ದೊಡ್ಡ ತಲೆನೋವು. ಅದು ಇಲ್ಲಿಲ್ಲ. ಸ್ವಯಂಸೇವಕರು ಸರಣಿಯ ಕಂತುಗಳನ್ನು ಐವತ್ತಕ್ಕೂ ಹೆಚ್ಚು ಭಾಷೆಗಳಿಗೆ ತಂದಿದ್ದಾರೆ. ಪ್ರಕಾಶಕರಿಗೆ ಲಾಭವಿಲ್ಲವೆಂದು ತೋರಬಹುದಾದ ಬ್ರೆಟನ್, ಆಕ್ಸಿಟನ್‌ನಂತಹ ಸಣ್ಣ ಭಾಷೆಗಳೂ, ಎಸ್ಪೆರಾಂಟೊ, ಲೋಜ್ಬಾನ್‌ನಂತಹ ಕೃತಕ ಭಾಷೆಗಳೂ ಅವುಗಳಲ್ಲಿವೆ. ಮುಕ್ತ ಪರವಾನಗಿಯ ಅಕ್ಷರಶೈಲಿಗಳನ್ನು ಮಾತ್ರ ಬಳಸಬೇಕೆಂಬುದು ಅನುವಾದಕರಿಗಿರುವ ನಿಯಮಗಳಲ್ಲೊಂದು.